ಮುಚ್ಚಿದ ಕಿಟಕಿ ಬಿಚ್ಚಿದ್ದು: ಲ್ವಾರ್ ಸೀಮೆಯ ಹಳೇ ಮನೆಯಲ್ಲಿ ಒಂದು ಹಂಗಾಮಿನ ಗಾರೆ ಕೆಲಸ

ಹಿಂಬದಿಯ ಗೋಡೆಗೆ ಆಳೆತ್ತರಕ್ಕೂ ಮೇಲೆ ಸಿಮೆಂಟ್ ಗಿಲಾವು ಬಳಿದಿದ್ದರು. ಯಾರು, ಯಾವಾಗ ಅಂತ ಮನೆಯವರಿಗೂ ನೆನಪಿಲ್ಲ. ಒದ್ದೆ ಗೋಡೆಗೆ ಸಿಮೆಂಟ್ ಬಳಿದರೆ ಒದ್ದೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ನೀರು ಒಳಗೊಳಗೇ ಮೇಲೇರುತ್ತದೆ. ಇಲ್ಲೂ ಹಾಗೇ ಆಗಿತ್ತು. ಗಿಲಾವು ಮುಗಿಯುವ ಗೆರೆಯಿಂದ ಮೇಲಕ್ಕೆ ಕಲ್ಲು ಪದರ ಪದರವಾಗಿ ಉದುರುತ್ತಿತ್ತು. ಸುಮ್ನೆ ಬೆರಳಲ್ಲಿ ತಟ್ಟಿದರೂ ಅಂಗೈಯಗಲದ ಚಕ್ಕೆ ಕಳಚಿ ಕೈಗೆ ಬರುತ್ತಿತ್ತು. ಅದರ ಹಿಂದೆ ಬಿಳೀ ಉಪ್ಪಿನ ಪುಡಿ.

ಮನೆ ಇರುವುದು ಫ್ರಾನ್ಸಿನ ಆಂಜೂ ಸೀಮೆಯಲ್ಲಿ, ಸೋಮ್ಯೂರ್ ಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಇಂಥ ಮನೆಗೆ ಅಲ್ಲಿ ಮಾನ್ವಾರ್ ಅನ್ನುತ್ತಾರೆ. ಅರಮನೆಯಲ್ಲ, ಕೋಟೆಯೂ ಅಲ್ಲ. ಸಣ್ಣ ಜಹಗೀರಿನ ಒಡೆಯ ತನ್ನ ಹೊಲ, ದ್ರಾಕ್ಷಿ ತೋಟಗಳ ನಡುವೆ ಕಟ್ಟಿಸಿಕೊಂಡ ಮನೆ. ಕೆಳಗೆ ದೊಡ್ಡ ಹಜಾರ, ಮೇಲೆ ಮಲಗುವ ಕೋಣೆಗಳು. ಅಂಗಳದ ಕಡೆ ಅಷ್ಟಕೋನದ ಸಣ್ಣ ಗೋಪುರ, ಅದರೊಳಗೆ ಸುರುಳಿ ಮೆಟ್ಟಿಲು. ಈಗಿನ ಒಡತಿ ಎಪ್ಪತ್ತು ದಾಟಿದ ನಿವೃತ್ತ ಟೀಚರ್. ಕೆಲಸ ನಡೆಸುವವರು ಅದೇ ಊರಿನ ಕಲ್ಲುಕೆಲಸದ ಮೇಸ್ತ್ರಿ. ನಾನು ಆಂಜೆ ನಗರದಲ್ಲಿ ನೌಕರಿ ಮಾಡುತ್ತಾ, ರಜೆ ಸಿಕ್ಕಾಗೆಲ್ಲ ಅಲ್ಲಿಗೆ ಹೋಗಿ ಕೈಜೋಡಿಸುವವನು. ಸಂಬಳವಿಲ್ಲ, ಊಟ ಮಾತ್ರ ಭರ್ಜರಿ.

ಮನೆಯ ವಯಸ್ಸನ್ನು ಕಲ್ಲಿನ ಕೆತ್ತನೆಯೇ ಹೇಳುತ್ತದೆ. ಹದಿನೈದನೇ ಶತಮಾನದ ಕೊನೆ, ಅಥವಾ ಹದಿನಾರನೆಯದರ ಶುರು. 1337ರಲ್ಲಿ ಹೊತ್ತಿಕೊಂಡ ಇಂಗ್ಲಿಷರ ಜೊತೆಗಿನ ಯುದ್ಧ 1453ರ ಹೊತ್ತಿಗೆ ತಣ್ಣಗಾಯಿತು. ಆಮೇಲೆ ಲ್ವಾರ್ ನದಿಯ ಎರಡೂ ದಡಗಳಲ್ಲಿ ಜನ ಮತ್ತೆ ಮನೆ ಕಟ್ಟತೊಡಗಿದರು. ಆಂಜೂವಿನ ಡ್ಯೂಕ್ ರೆನೆಗೇ ಹಳ್ಳಿಮನೆಗಳ ಹುಚ್ಚಿತ್ತು. ಸೋಮ್ಯೂರ್ ಪಕ್ಕದ ಲೋನೇ ಮಾನ್ವಾರ್ ಅವನದೇ. ಅವನು 1480ರಲ್ಲಿ ತೀರಿಕೊಂಡ ಮೇಲೆ ಹನ್ನೊಂದನೇ ಲೂಯಿ ಆಂಜೂವನ್ನು ನೇರವಾಗಿ ರಾಜನ ಆಡಳಿತಕ್ಕೆ ಸೇರಿಸಿಕೊಂಡ. ಆ ಕಾಲದಲ್ಲಿ ರಾಜನ ಅಧಿಕಾರಿಗಳು, ದುಡ್ಡು ಕೂಡಿಟ್ಟ ವ್ಯಾಪಾರಿಗಳು ಜಹಗೀರು ಕೊಂಡು ಒಡೆಯರಾಗುತ್ತಿದ್ದರು. ಒಡೆಯನಾದ ಮೇಲೆ ಅದು ನಾಲ್ಕು ಜನಕ್ಕೆ ಕಾಣಬೇಕು ಅಲ್ವಾ? ಅದಕ್ಕೇ ಗೋಪುರ, ಅದಕ್ಕೇ ಪಾರಿವಾಳದ ಗೂಡು. ದೊಡ್ಡ ಪಾರಿವಾಳದ ಗೂಡು ಕಟ್ಟಿಸುವುದು ಒಡೆಯರ ಹಕ್ಕಾಗಿತ್ತು. ಹಕ್ಕಿಗಳು ರೈತರ ಬಿತ್ತನೆ ತಿಂದರೂ ರೈತ ಕಲ್ಲೆಸೆಯುವ ಹಾಗಿರಲಿಲ್ಲ. 1789ರ ಆಗಸ್ಟ್ 4ರ ರಾತ್ರಿ ವರ್ಸೇಲ್ಸಿನಲ್ಲಿ ಸೇರಿದ್ದ ರಾಷ್ಟ್ರೀಯ ಸಭೆ ಒಡೆಯರ ಹಕ್ಕುಗಳನ್ನು ರದ್ದು ಮಾಡಲು ಹೊರಟಾಗ ಪಾರಿವಾಳದ ಗೂಡಿನ ಹಕ್ಕೂ ಅದರ ಜೊತೆ ಹೋಯಿತು.

ಆಮೇಲೆ ಇಂಥ ಎಷ್ಟೋ ಮನೆಗಳು ಬೇಸಾಯದ ಮನೆಗಳಾದವು. ಹಜಾರದಲ್ಲಿ ಕಾಳಿನ ರಾಶಿ, ಪಕ್ಕದಲ್ಲಿ ದನದ ಕೊಟ್ಟಿಗೆ. ಕೈಯಲ್ಲಿ ಕಾಸಿಲ್ಲದ್ದೇ ಇವನ್ನು ಉಳಿಸಿತು ಅನ್ನುವುದು ನನ್ನ ಲೆಕ್ಕ. ಕಾಸಿದ್ದವರು ಹಳೇದನ್ನು ಕೆಡವಿ ಹೊಸ ಫ್ಯಾಷನ್ನಿಗೆ ಕಟ್ಟಿಸಿಕೊಂಡರು. ಕಾಸಿಲ್ಲದವರು ಇದ್ದದ್ದನ್ನೇ ತೇಪೆ ಹಾಕಿ ಬಳಸಿದರು. ತೇಪೆ ಸುಣ್ಣದ್ದಾಗಿರುವ ತನಕ ಏನೂ ತೊಂದರೆ ಇರಲಿಲ್ಲ.

ಮಾರ್ಚ್: ಮೊದಲು ನೀರು

ಇಲ್ಲಿನ ಕಲ್ಲಿನ ಹೆಸರು ಟುಫೋ. ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಸುಣ್ಣಕಲ್ಲು. ಬೆರಳಲ್ಲಿ ತೀಡಿದರೆ ಸೀಮೆಸುಣ್ಣದ ಹಾಗೆ ಬಿಳೀ ಪುಡಿ ಅಂಟುತ್ತದೆ. ಕಲ್ಲಿನ ಹತ್ತಿರ ಹತ್ತಿರ ಅರ್ಧದಷ್ಟು ಬರೀ ಸಣ್ಣ ಸಣ್ಣ ತೂತು. ಅದಕ್ಕೇ ಹಗುರ. ಒಣಗಿದ ಟುಫೋ ಘನಮೀಟರಿಗೆ 1,300 ಕಿಲೋ ಆಸುಪಾಸು ತೂಗುತ್ತದೆ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಕಲ್ಲು ಅಂದರೆ 70 ಕಿಲೋ. ಇಬ್ಬರು ಎತ್ತಬಹುದು. ಅದೇ ಕಲ್ಲು ಪೂರ್ತಿ ನೀರು ಕುಡಿದರೆ ಇನ್ನೂ 20 ಲೀಟರಿಗಿಂತ ಜಾಸ್ತಿ ಹಿಡಿಸಿಕೊಳ್ಳುತ್ತದೆ. ಆಗ ಇಬ್ಬರ ಸೊಂಟವೂ ಕೇಳುವುದಿಲ್ಲ.

ತೂತುಗಳು ಅಷ್ಟು ಸಣ್ಣವಾದ್ದರಿಂದ ನೆಲದ ನೀರು ಗೋಡೆಯಲ್ಲಿ ತುಂಬಾ ಮೇಲಕ್ಕೆ ಹತ್ತುತ್ತದೆ. ಹತ್ತಿದ ನೀರು ಆವಿಯಾಗಿ ಹೋಗಲು ಜಾಗ ಬೇಕು. ಸುಣ್ಣದ ಗಾರೆ ಜಾಗ ಕೊಡುತ್ತದೆ, ಸಿಮೆಂಟ್ ಕೊಡುವುದಿಲ್ಲ. ನೀರು ಆವಿಯಾಗುವ ಕಡೆ ಉಪ್ಪು ಹರಳುಗಟ್ಟುತ್ತದೆ, ಹರಳು ಬೆಳೆದು ಕಲ್ಲನ್ನು ಒಳಗಿಂದ ಸಿಗಿಯುತ್ತದೆ.

ಹಾಗಾಗಿ ಮೊದಲು ಗೋಡೆ ಮುಟ್ಟಲೇ ಇಲ್ಲ. ಮೇಲೆ ಮಳೆನೀರಿನ ದೋಣಿ ಸೋರುತ್ತಿತ್ತು, ಅದನ್ನು ಸರಿ ಮಾಡಿಸಿದೆವು. ಛಾವಣಿಯ ಕರೀ ಸ್ಲೇಟ್‌ಗಳಲ್ಲಿ ಜಾರಿದ್ದವನ್ನು ಮೇಲೆ ಕೂರಿಸಿದೆವು. ಹಳೇ ಸ್ಲೇಟ್ ಆಂಜೆ ಪಕ್ಕದ ಟ್ರೆಲಾಜೆ ಗಣಿಯದು. ಆ ಗಣಿ 2013ರಲ್ಲಿ ಮುಚ್ಚಿತು. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಸ್ಪೇನಿನದು. ಅದಕ್ಕೇ ಕೊಟ್ಟಿಗೆ ಛಾವಣಿಯಿಂದ ಬಿದ್ದ ಹಳೇ ಸ್ಲೇಟ್‌ಗಳನ್ನೇ ಆರಿಸಿ ಬಳಸಿದೆವು.

ಗೋಡೆಯ ಬುಡದಲ್ಲಿ ಕಾಂಕ್ರೀಟ್ ಕಾಲುದಾರಿ ಇತ್ತು. ಅದನ್ನು ಒಡೆದು ತೆಗೆದೆವು. ಕಾಲಕಾಲಕ್ಕೆ ಸೇರಿಕೊಂಡ ಮಣ್ಣು ಹೊಸ್ತಿಲಿಗಿಂತ ಎತ್ತರವಾಗಿತ್ತು. ಅದನ್ನು ಕೆರೆದು, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟೆವು. ಪಾಯದ ಮಗ್ಗುಲಲ್ಲೇ ಆಳವಾದ ಕಾಲುವೆ ತೋಡೋಣ ಅಂತ ಒಡತಿಯ ಅಳಿಯ ಹೇಳಿದರು. ಮೇಸ್ತ್ರಿ ಒಪ್ಪಲಿಲ್ಲ. ಹಳೇ ಗೋಡೆಗೆ ಪಾಯ ಅಂತ ಇರುವುದೇ ಒಂದೆರಡು ಅಡಿ. ಅದರ ಬದಿ ಬಗೆದರೆ ಗೋಡೆ ಕೂರುತ್ತದೆ. ಕಾಲುವೆ ಎರಡು ಮೀಟರ್ ದೂರಕ್ಕೆ ಹೋಯಿತು.

ಏಪ್ರಿಲ್: ಸಿಮೆಂಟ್ ಕೀಳುವುದು

ಮೇಸ್ತ್ರಿ ಗೋಡೆ ಒಡೆಯುವ ಕರೆಂಟಿನ ಮಷೀನನ್ನು ಗೇಟಿನಾಚೆಗೇ ಇಡಿಸಿದರು. ಸಿಮೆಂಟಿಗಿಂತ ಕಲ್ಲು ಮೆದು. ಮಷೀನು ಸಿಮೆಂಟನ್ನು ಬಿಟ್ಟು ಕಲ್ಲನ್ನೇ ತಿನ್ನುತ್ತದೆ. ಮೊದಲು ಸುತ್ತಿಗೆಯ ಹಿಡಿಯಿಂದ ಗೋಡೆಯುದ್ದಕ್ಕೂ ತಟ್ಟುತ್ತಾ ಹೋಗುವುದು. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಹಾಕುವುದು. ಅಲ್ಲಿ ಗಿಲಾವು ಆಗಲೇ ಕಲ್ಲು ಬಿಟ್ಟಿರುತ್ತದೆ. ಆ ಅಂಚಿನಲ್ಲಿ ಸಣ್ಣ ಉಳಿಯನ್ನು ಓರೆಯಾಗಿ ಇಟ್ಟು ಮೆಲ್ಲಗೆ ಹೊಡೆದರೆ ತಟ್ಟೆಯಗಲದ ತುಂಡುಗಳು ಬೀಳುತ್ತವೆ. ಗಟ್ಟಿಯಾಗಿ ಹಿಡಿದ ಕಡೆ ಬೆರಳಗಲ ಬೆರಳಗಲವಾಗಿ ಕೀಳಬೇಕು. ಟುಫೋದಲ್ಲಿ ಸಿಲಿಕಾ ಇರುತ್ತದೆ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬೇಡಿ.

ಗೋಡೆಯ ನಡುಭಾಗಕ್ಕೆ ಬಂದಾಗ ಸಿಮೆಂಟಿನ ಹಿಂದೆ ಒಂದು ನೇರ ಸಂದು ಸಿಕ್ಕಿತು. ಗೋಡೆ ಕಟ್ಟುವಾಗ ಕಲ್ಲಿನ ಸಂದುಗಳು ವರಸೆಯಿಂದ ವರಸೆಗೆ ಅದಲು ಬದಲಾಗಬೇಕು. ಇದು ಕೆಳಗಿಂದ ಮೇಲಕ್ಕೆ ಒಂದೇ ಗೆರೆ. ಅದರ ಬಲಗಡೆಯ ಕಲ್ಲುಗಳ ಅಂಚಿಗೆ ಉದ್ದಕ್ಕೂ ತೆಳುವಾದ ಕೆತ್ತನೆ, ಕೆಳಗೆ ಮೂಲೆಮೂಲೆಯಾಗಿ ಕಡೆದ ಪುಟ್ಟ ಪೀಠ. ಮೇಸ್ತ್ರಿ ಬ್ರಷ್ಷಿನಲ್ಲಿ ದೂಳು ಹೊಡೆದು, ನೋಡಿ, "ಕಿಟಕಿ" ಅಂದರು. ಸಂಜೆಯೊಳಗೆ ಎಡಬದಿಯೂ ಸಿಕ್ಕಿತು. ಎರಡೂ ಬದಿಯಲ್ಲಿ ಒಂದೇ ಎತ್ತರಕ್ಕೆ ಉಳಿಯಿಂದ ಕಡಿದು ಸಮ ಮಾಡಿದ ಮೊಂಡು ಗುರುತು. ಅಲ್ಲಿ ಅಡ್ಡಗಲ್ಲು ಇತ್ತು ಅಂತಾಯಿತು.

ಆ ಕಾಲದ ದೊಡ್ಡ ಕಿಟಕಿಗಳಿಗೆ ನಡುವೆ ಕಲ್ಲಿನ ಕಂಬ, ಅದಕ್ಕೆ ಅಡ್ಡ ಕಲ್ಲು. ಎರಡೂ ಸೇರಿ ಶಿಲುಬೆಯ ಆಕಾರ, ನಾಲ್ಕು ಕಂಡಿ. ಆಮೇಲಿನ ಶತಮಾನಗಳಲ್ಲಿ ಜನ ಈ ಶಿಲುಬೆಗಳನ್ನು ಕಡಿದು ಬಿಸಾಡಿ ಮರದ ದೊಡ್ಡ ಚೌಕಟ್ಟು ಕೂರಿಸಿಕೊಂಡರು. ಇಲ್ಲಿ ಶಿಲುಬೆಯನ್ನೂ ಕಡಿದು ಕಿಟಕಿಯನ್ನೂ ಮುಚ್ಚಿದ್ದರು.

ಒಳಗಿನಿಂದಲೂ ಗಿಲಾವು ಬಿಡಿಸಿದೆವು. ಗೋಡೆ 70 ಸೆಂ.ಮೀ. ದಪ್ಪ. ಆ ದಪ್ಪದೊಳಗೆ, ಕಿಟಕಿಯ ಎಡಬಲಕ್ಕೆ, ಎದುರುಬದುರಾಗಿ ಎರಡು ಕಲ್ಲಿನ ಆಸನಗಳು. ದೀಪದೆಣ್ಣೆ, ಮೇಣದ ಬತ್ತಿ ದುಬಾರಿಯಾಗಿದ್ದ ಕಾಲದಲ್ಲಿ ಹೊಲಿಗೆ, ನೂಲು, ಓದು ಎಲ್ಲ ಇಂಥ ಆಸನದ ಮೇಲೇ. ಎಡಗಡೆಯ ಆಸನದ ಅಂಚು ನಡುವಿನಲ್ಲಿ ತಗ್ಗಾಗಿ ನುಣುಪಾಗಿದೆ. ಬಲಗಡೆಯದು ಅಷ್ಟಾಗಿ ಸವೆದಿಲ್ಲ. ಎಡಗಡೆ ಕೂತರೆ ಬಾಗಿಲು ಕಾಣುತ್ತದೆ, ಬಲಗಡೆ ಕೂತರೆ ಬರೀ ಗೋಡೆ. ಯಾರೇ ಆದರೂ ಎಡಗಡೆಯೇ ಕೂರುತ್ತಿದ್ದರು ಬಿಡಿ.

ಯಾಕೆ ಮುಚ್ಚಿದರು?

ಫ್ರಾನ್ಸಿನಲ್ಲಿ ಮುಚ್ಚಿದ ಕಿಟಕಿ ಕಂಡರೆ ಎಲ್ಲರದೂ ಒಂದೇ ಉತ್ತರ: ತೆರಿಗೆ. ಮೇಸ್ತ್ರಿಯೂ ಅದನ್ನೇ ಹೇಳಿದರು. ಕ್ರಾಂತಿಯ ಸರ್ಕಾರ 1798ರ ನವೆಂಬರಿನಲ್ಲಿ ಬಾಗಿಲು ಮತ್ತು ಕಿಟಕಿಗಳ ಮೇಲೆ ತೆರಿಗೆ ಹಾಕಿದ್ದು ನಿಜ. ಅದು 1926ರ ತನಕ ಇತ್ತು. ಅಧಿಕಾರಿ ಮನೆಯೊಳಗೆ ಕಾಲಿಡಬೇಕಾಗಿರಲಿಲ್ಲ, ಬೀದಿಯಲ್ಲಿ ನಿಂತು ಎಣಿಸಿದರೆ ಸಾಕು. ಜನ ಕಿಟಕಿ ಮುಚ್ಚಿದ್ದೂ ನಿಜ.

ಒಡತಿಯದು ಬೇರೆ ಕತೆ. 1793ರ ಜೂನ್ 9ರಂದು, ಕ್ರಾಂತಿಯ ಸರ್ಕಾರದ ವಿರುದ್ಧ ಎದ್ದಿದ್ದ ವಾಂದೇ ಸೀಮೆಯ ಬಂಡಾಯಗಾರರು ಸೋಮ್ಯೂರನ್ನು ಗೆದ್ದುಕೊಂಡಿದ್ದರು. ಆ ಗಲಾಟೆಯಲ್ಲಿ ಹೆದರಿ ಮುಚ್ಚಿಕೊಂಡರು ಅಂತ ಅವರ ಮನೆತನದಲ್ಲಿ ಮಾತು.

ನನಗೆ ಎರಡೂ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ತೆರಿಗೆಯ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ. ಕಣಜ, ಕೊಟ್ಟಿಗೆ, ಕುರಿಮನೆ, ನೆಲಮಾಳಿಗೆಗೆ ಗಾಳಿ ಬೆಳಕು ಕೊಡುವ ಕಂಡಿಗೆ ತೆರಿಗೆಯಿಲ್ಲ. ಹಜಾರ ಆಗಲೇ ಕಾಳಿನ ಕೋಣೆಯಾಗಿದ್ದರೆ ಈ ಕಿಟಕಿಗೆ ತೆರಿಗೆ ಬೀಳುತ್ತಲೇ ಇರಲಿಲ್ಲ. ಮತ್ತೆ ಮುಚ್ಚುವುದೇಕೆ?

ಆಂಜೆಯ ಜಿಲ್ಲಾ ದಾಖಲೆ ಭಂಡಾರಕ್ಕೆ ಹೋದೆ. ನೆಪೋಲಿಯನ್ 1807ರಲ್ಲಿ ಶುರು ಮಾಡಿಸಿದ ಭೂಮಾಪನದ ನಕ್ಷೆ, ಕಡತ ಅಲ್ಲಿವೆ. ನಕ್ಷೆಯಲ್ಲಿ ಮನೆಯ ಆಕಾರ ಮಾತ್ರ ಇರುತ್ತದೆ, ಕಿಟಕಿ ಕಾಣುವುದಿಲ್ಲ. ಕಡತ ನೋಡಬೇಕು. ಅದರಲ್ಲಿ ಪ್ರತಿ ಮನೆಯ ಎದುರು ತೆರಿಗೆಗೆ ಸೇರುವ ಬಾಗಿಲು ಕಿಟಕಿಗಳ ಸಂಖ್ಯೆಗೇ ಒಂದು ಕಾಲಂ ಇದೆ. ಹಳೇ ಮನೆ ರಿಪೇರಿ ಮಾಡುವವರಿಗೆ ಆ ಕಾಲಂ ಚಿನ್ನ. ನಮ್ಮ ಮನೆಯ ಎದುರಿನ ಸಂಖ್ಯೆ ಈಗ ಕಾಣುವ ಕಿಟಕಿ ಬಾಗಿಲುಗಳಿಗೆ ಸರಿಯಾಗಿ ಹೊಂದುತ್ತದೆ. ಹಿಂಬದಿಯದು ಲೆಕ್ಕದಲ್ಲಿಲ್ಲ. ಅಂದರೆ ಆಗಲೇ ಮುಚ್ಚಿತ್ತು, ಇಲ್ಲವೇ ಕಣಜದ ಕಿಟಕಿ ಅಂತ ಬಿಟ್ಟಿದ್ದರು.

ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಗೋಡೆಯಲ್ಲೇ. ಕಿಟಕಿಗೆ ತುಂಬಿದ್ದು ಒಡೆದ ಕಲ್ಲು, ಸ್ಲೇಟ್ ಚೂರು, ಮಣ್ಣು ಬೆರೆತ ಸುಣ್ಣ. ಮೇಲಿನಿಂದ ಒಂದೊಂದೇ ಬಿಡಿಸುತ್ತಿದ್ದಾಗ ಮೊಣಕೈಯುದ್ದದ ಒಂದು ಕಲ್ಲು ಅಡ್ಡಲಾಗಿ ಮಲಗಿತ್ತು. ತೊಳೆದು ನೋಡಿದರೆ ಎರಡೂ ಬದಿಯಲ್ಲಿ ಅದೇ ತೆಳು ಕೆತ್ತನೆ, ಒಂದು ಬದಿಯಲ್ಲಿ ಗಾಜಿನ ಚೌಕಟ್ಟು ಕೂರುವ ತೋಡು. ಕಿಟಕಿಯ ನಡುಗಂಬದ್ದೇ ತುಂಡು. ಕಂಬ ಒಡೆದದ್ದೂ ಕಿಟಕಿ ಮುಚ್ಚಿದ್ದೂ ಒಂದೇ ದಿನದ ಕೆಲಸ ಅಂತ ಇದರಿಂದ ಗೊತ್ತಾಯಿತು.

ಇನ್ನೊಂದು ವಿಷಯವೂ ಇತ್ತು. ಕಿಟಕಿಯ ಮೇಲಿನ ಲಿಂಟಲ್ ಕಲ್ಲು ಸರಿಯಾಗಿ ನಡುವಿನಲ್ಲೇ ಬಿರುಕು ಬಿಟ್ಟಿದೆ. ಬಿರುಕಿನೊಳಗೆ ತುಂಬಿದ ಗಾರೆ, ಕಿಟಕಿ ಮುಚ್ಚಿದ ಗಾರೆಯೇ. ಅಂದರೆ ಬಿರುಕು ಮೊದಲು, ಮುಚ್ಚಿದ್ದು ಆಮೇಲೆ. ಲಿಂಟಲ್ ಕೂರತೊಡಗಿತು, ಕಂಬ ನಲುಗಿತು, ಹೊಸ ಕಂಬ ಕಡೆಸಲು ದುಡ್ಡಿಲ್ಲ, ಒಡೆದು ತುಂಬಿಸಿ ಆಸರೆ ಕೊಟ್ಟರು. ತೆರಿಗೆಯೂ ಬೇಡ, ಬಂಡಾಯವೂ ಬೇಡ. ನನ್ನ ಮಟ್ಟಿಗೆ ಇದೇ ಸರಿಯಾದ ಉತ್ತರ. ಮೇಸ್ತ್ರಿ ಇನ್ನೂ ತೆರಿಗೆ ಅಂತಲೇ ಹೇಳುತ್ತಾರೆ.

ಮೇ: ಅರ್ಜಿ

ಈ ಮನೆ ಸಂರಕ್ಷಿತ ಸ್ಮಾರಕವಲ್ಲ. ಊರಿನ ಚರ್ಚು ಹೌದು. 1943ರಲ್ಲಿ ಬಂದ ನಿಯಮದ ಪ್ರಕಾರ ಸ್ಮಾರಕದ ಸುತ್ತ 500 ಮೀಟರಿನೊಳಗೆ, ಅದರ ಜೊತೆ ಕಣ್ಣಿಗೆ ಬೀಳುವ ಕಟ್ಟಡದ ಹೊರಭಾಗ ಬದಲಿಸಲು ಸರ್ಕಾರಿ ಆರ್ಕಿಟೆಕ್ಟ್ ಅಭಿಪ್ರಾಯ ಬೇಕು. ಪಂಚಾಯಿತಿ ಕಚೇರಿಗೆ ಅರ್ಜಿ, ನಕ್ಷೆ, ಫೋಟೊ. ಮಾಮೂಲಿಗೆ ಒಂದು ತಿಂಗಳು, ಇಂಥ ಜಾಗಕ್ಕೆ ಎರಡು ತಿಂಗಳು.

ಊಹೆ ಶುರುವಾದ ಕಡೆ ದುರಸ್ತಿ ನಿಲ್ಲಬೇಕು ಅಂತ ಹಳೇ ಸ್ಮಾರಕಗಳ ದುರಸ್ತಿ ಬಗೆಗಿನ 1964ರ ವೆನಿಸ್ ಸನ್ನದಿನಲ್ಲಿ ಒಂದು ನಿಯಮವಿದೆ. ಅದಕ್ಕೇ ಕಾಣೆಯಾದ ಶಿಲುಬೆ ಕಡೆಸುತ್ತೇವೆ ಅಂದರೆ ಅಧಿಕಾರಿಗಳು ಹುಬ್ಬೇರಿಸುತ್ತಾರೆ. ನಮ್ಮ ಹತ್ತಿರ ಊಹೆ ಕಮ್ಮಿ ಇತ್ತು. ಕಂಬದ ಅಡ್ಡಕೊಯ್ತ ಆ ತುಂಡಿನಿಂದ ಗೊತ್ತು, ಅಡ್ಡಗಲ್ಲಿನ ಎತ್ತರ ಮೊಂಡು ಗುರುತಿನಿಂದ ಗೊತ್ತು. ಅದೂ ಅಲ್ಲದೆ ಬಿರುಕು ಬಿಟ್ಟ ಲಿಂಟಲ್ ಕೆಳಗೆ ಕಂಬ ಬೇಕೇ ಬೇಕು. ಅಂದಕ್ಕೆ ಅಂತ ಕೇಳಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ಆಸರೆಗೆ ಅಂದಿದ್ದಕ್ಕೆ ಒಪ್ಪಿದರು. ಚೌಕಟ್ಟು ಓಕ್ ಮರದ್ದೇ ಆಗಬೇಕು, ಪ್ಲಾಸ್ಟಿಕ್ ಬೇಡ ಅನ್ನುವುದೊಂದೇ ಷರತ್ತು.

ಜೂನ್, ಜುಲೈ: ಸುಣ್ಣ

ಉತ್ತರಕ್ಕೆ ಕಾಯುತ್ತಾ ಸಂದು ತುಂಬಿದೆವು. ಅಂಗಡಿಯಲ್ಲಿ ಸಿಗುವ ಸುಣ್ಣ ಎರಡು ಬಗೆ. ಗಾಳಿ ತಾಕಿ ನಿಧಾನಕ್ಕೆ ಗಟ್ಟಿಯಾಗುವುದು ಒಂದು, ಚೀಲದ ಮೇಲೆ ಸಿಎಲ್ 90 ಅಂತಿರುತ್ತದೆ. ನೀರು ಸೇರಿದೊಡನೆ ಹಿಡಿಯತೊಡಗುವುದು ಇನ್ನೊಂದು, ಅದು ಎನ್‌ಎಚ್‌ಎಲ್. ಅದರಲ್ಲಿ 2, 3.5, 5 ಅಂತ ಬಿರುಸಿನ ಮೂರು ದರ್ಜೆ. ಅಂಗಡಿಯವರು ಕಣ್ಣು ಮುಚ್ಚಿ 3.5 ಕೊಡುತ್ತಾರೆ. ಟುಫೋಗೆ ಅದು ಜಾಸ್ತಿಯಾಯಿತು. ಗಾರೆ ಯಾವತ್ತೂ ಕಲ್ಲಿಗಿಂತ ಮೆದುವಾಗಿರಬೇಕು. ಸವೆಯುವುದಿದ್ದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು.

ನಾವು ಬಳಸಿದ್ದು ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲು ಮರಳು. ಸುಣ್ಣದಲ್ಲಿ ಅರ್ಧ ಸಿಎಲ್ 90, ಅರ್ಧ ಎನ್‌ಎಚ್‌ಎಲ್ 2. ಮರಳಿನಲ್ಲಿ ಒಂದಿಷ್ಟು ಟುಫೋ ಪುಡಿ, ಬಣ್ಣ ಕಲ್ಲಿಗೆ ಹೊಂದಲಿ ಅಂತ. ನಮ್ಮಲ್ಲಿ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು ಅಂತ ಹೇಳಿದೆ. ಮೇಸ್ತ್ರಿ ಅಳಲೆಕಾಯಿ ಎಲ್ಲಿ ಸಿಗುತ್ತದೆ ಅಂತ ಕೇಳಿ ಚೀಟಿಯಲ್ಲಿ ಬರೆದುಕೊಂಡರು.

ಹಳೇ ಸಂದನ್ನು ಎರಡು ಬೆರಳಿನ ಆಳಕ್ಕೆ ಕೆರೆಯುವುದು, ದೂಳು ತೆಗೆಯುವುದು, ಹಿಂದಿನ ಸಂಜೆಯೇ ಗೋಡೆ ನೆನೆಸಿಡುವುದು, ಬೆಳಿಗ್ಗೆ ಮತ್ತೆ ಚಿಮುಕಿಸುವುದು. ಒಣ ಟುಫೋ ಗಾರೆಯ ನೀರನ್ನು ಕ್ಷಣದಲ್ಲಿ ಕುಡಿದುಬಿಡುತ್ತದೆ, ಆಮೇಲೆ ಗಾರೆ ಪುಡಿಯಾಗುತ್ತದೆ. ತೆಳು ಕರಣೆಯಲ್ಲಿ ಒತ್ತಿ ತುಂಬಿ, ಸ್ವಲ್ಪ ಬಿಗಿದ ಮೇಲೆ ಮಟ್ಟಕ್ಕೆ ಕೆರೆಯುವುದು. ಬಿಸಿಲಿಗೆ ಒದ್ದೆ ಗೋಣಿತಾಟು ಇಳಿಬಿಡುವುದು.

ಆಗಸ್ಟ್: ಕಂಬ

ಹೊಸ ಕಲ್ಲನ್ನು ವಸಂತದಲ್ಲೇ ತಂದಿಟ್ಟಿದ್ದೆವು. ಗಣಿಯಿಂದ ಬಂದ ಟುಫೋದಲ್ಲಿ ನೀರು ತುಂಬಿರುತ್ತದೆ. ಒಣಗಿದ ಹಾಗೆಲ್ಲ ಮೇಲ್ಮೈ ಗಟ್ಟಿಯಾಗುತ್ತದೆ. ಒಣಗುವ ಮುಂಚೆ ಹಿಮ ಬಿದ್ದರೆ ಸೀಳುತ್ತದೆ. ಹಿಂದೆ ಈ ತಾಪತ್ರಯ ಅಷ್ಟಿರಲಿಲ್ಲ, ಕಲ್ಲು ಕಾಲಡಿಯಲ್ಲೇ ಸಿಗುತ್ತಿತ್ತು. ಈ ಮನೆಯ ನೆಲಮಾಳಿಗೆ ಅಂದರೆ ಇದೇ ಮನೆಗೆ ಕಲ್ಲು ತೆಗೆದ ಗುಹೆ. ಈ ಕಡೆಯ ಹಳೇ ಗಣಿಗಳಲ್ಲಿ ಈಗ ವೈನ್ ಇಡುತ್ತಾರೆ, ಅಣಬೆ ಬೆಳೆಸುತ್ತಾರೆ.

ಪ್ರತಿ ಕಲ್ಲಿನ ಮೇಲೆ ಗಣಿಯವರು ಒಂದು ಗುರುತು ಹಾಕಿರುತ್ತಾರೆ. ಭೂಮಿಯೊಳಗೆ ಯಾವ ಮುಖ ಮೇಲಿತ್ತು ಅನ್ನುವುದಕ್ಕೆ. ಗೋಡೆಯಲ್ಲೂ ಹಾಗೇ ಕೂರಿಸಬೇಕು. ಪದರ ನಿಂತ ಹಾಗೆ ಇಟ್ಟರೆ ಒಂದೊಂದೇ ಪದರ ಬಿಚ್ಚಿಕೊಳ್ಳುತ್ತದೆ. ಕಂಬಕ್ಕೂ ಅದೇ ನಿಯಮ. ಅದಕ್ಕೇ ಕಂಬವನ್ನು ಎರಡು ತುಂಡಾಗಿ ಕಡೆದೆವು, ಅಡ್ಡಗಲ್ಲಿನ ಕೆಳಗೊಂದು, ಮೇಲೊಂದು.

ಹಳೇ ತುಂಡಿನ ಅಡ್ಡಕೊಯ್ತವನ್ನು ತಗಡಿನ ಮೇಲೆ ಗೀರಿ, ಕತ್ತರಿಸಿ, ಅಚ್ಚು ಮಾಡಿಕೊಂಡೆವು. ಅಚ್ಚನ್ನು ಕಲ್ಲಿನ ಎರಡೂ ತುದಿಗೆ ಇಟ್ಟು ಪೆನ್ಸಿಲ್ ಗೆರೆ. ಆಮೇಲೆ ದೊಡ್ಡ ಹಲ್ಲಿನ ಕೈಗರಗಸ. ಮರ ಕೊಯ್ದಷ್ಟು ಸಲೀಸಾಗಿ ಹೋಗುತ್ತದೆ, ನನಗೆ ಈಗಲೂ ಆಶ್ಚರ್ಯ. ನುಣುಪು ಮಾಡಲು ಮರದ ಹಿಡಿಗೆ ಓರೆಯಾಗಿ ಉಕ್ಕಿನ ಪಟ್ಟಿಗಳನ್ನು ಹುದುಗಿಸಿದ ಒಂದು ಸಾಧನವಿದೆ. ಬಡಗಿಯ ಉಜ್ಜುಗೊರಡಿನ ಅಣ್ಣ ಅನ್ನಬಹುದು. ಕಲ್ಲುಕುಟಿಗರು ಅದಕ್ಕೆ ರೈಲುದಾರಿ ಅಂತ ಹೆಸರಿಟ್ಟಿದ್ದಾರೆ. ಕೆತ್ತನೆಯ ತಿರುವುಗಳನ್ನು ಮೇಸ್ತ್ರಿಯೇ ಉಳಿಯಲ್ಲಿ ತೆಗೆದರು.

ಲಿಂಟಲ್ ಕೆಳಗೆ ಕಬ್ಬಿಣದ ಜಾಕಿ ಕೊಟ್ಟು ಉಳಿದ ತುಂಬುಗಲ್ಲು ತೆಗೆದೆವು. ಬದಿಯ ಕಲ್ಲಿನಲ್ಲಿ ಹಳೇ ಕಬ್ಬಿಣದ ಸರಳಿನ ತುದಿ ತುಕ್ಕು ಹಿಡಿದು, ಊದಿ, ಮೂಲೆ ಸಿಡಿದಿತ್ತು. ಅಷ್ಟು ಭಾಗ ಚೌಕವಾಗಿ ಕಡಿದು, ಅದೇ ಅಳತೆಯ ಹೊಸ ಕಲ್ಲಿನ ಬಿಲ್ಲೆ ಕೂರಿಸಿದೆವು. ಕಂಬದ ಎರಡು ತುಂಡಿನ ನಡುವಿನ ಬೆಸುಗೆಗೆ ಕಬ್ಬಿಣದ ಬದಲು ಸ್ಟೇನ್‌ಲೆಸ್ ಸ್ಟೀಲಿನ ಗೂಟ. ತೂಗುಗುಂಡು ಬಿಟ್ಟು ನೇರ ನೋಡಿ, ಮರದ ಬೆಣೆ ಕೊಟ್ಟು, ಮೂರ್ನಾಲ್ಕು ಮಿಲಿಮೀಟರಿನ ಸಂದಿಗೆ ತೆಳು ಸುಣ್ಣದ ಹಾಲನ್ನು ಸುರಿದೆವು. ಸುಣ್ಣದ ಮೇಲೆ ಭಾರ ಹಾಕಲು ಅವಸರ ಮಾಡುವ ಹಾಗಿಲ್ಲ. ಜಾಕಿಯನ್ನು ವಾರಗಟ್ಟಲೆ ಹಾಗೇ ಬಿಟ್ಟು, ಆಮೇಲೆ ದಿನಕ್ಕಿಷ್ಟು ಅಂತ ಸಡಿಲಿಸಿದೆವು. ಲಿಂಟಲ್‌ನ ಬಿರುಕಿನ ಮೇಲೆ ಅಂಟಿಸಿದ್ದ ಗಾಜಿನ ಪಟ್ಟಿ ಒಡೆಯಲಿಲ್ಲ. ಕಲ್ಲು ಕದಲಿಲ್ಲ ಅಂತ ಅರ್ಥ.

ಉಳಿದದ್ದು

ಓಕ್ ಚೌಕಟ್ಟು ಇನ್ನೂ ಬಡಗಿಯ ಹತ್ತಿರ ಇದೆ. ಸದ್ಯಕ್ಕೆ ಹಲಗೆ ಹೊಡೆದು ಮುಚ್ಚಿದ್ದೇವೆ. ಕಂಬದ ಹಳೇ ತುಂಡನ್ನು ಬಲಗಡೆಯ ಆಸನದ ಮೇಲೆ ಇಟ್ಟಿದ್ದೇವೆ, ಮುಂದೆ ಯಾರಾದರೂ ಅಚ್ಚು ಸರಿಯಿದೆಯಾ ಅಂತ ನೋಡಬೇಕಾದರೆ ಇರಲಿ ಅಂತ. ಹಜಾರದ ಒಳಗೋಡೆಗೆ ಈಗಲೇ ಬಣ್ಣ ಹೊಡೆಸಬೇಕು ಅಂತ ಒಡತಿಗೆ ಆಸೆ. ಮೇಸ್ತ್ರಿ ಬೇಡ ಅಂದಿದ್ದಾರೆ. ಇಷ್ಟು ದಪ್ಪದ ಗೋಡೆ ಒಣಗಲು ವರ್ಷಗಳೇ ಹಿಡಿಯುತ್ತವೆ, ಅಲ್ಲಿಯ ತನಕ ಉಪ್ಪು ಹೊರಬರುತ್ತಲೇ ಇರುತ್ತದೆ. ಬಂದದ್ದನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ ತೆಗೆಯುವುದೇ ಕೆಲಸ. ನೀರು ಹಾಕಿ ತೊಳೆದರೆ ಉಪ್ಪು ವಾಪಸ್ ಒಳಕ್ಕೇ ಹೋಗುತ್ತದೆ.

ಮೇಲ್ಗಡೆ ಚಕ್ಕೆ ಬಿಟ್ಟ ಕಲ್ಲುಗಳನ್ನು ಬದಲಿಸುವುದು ಮುಂದಿನ ಮಾರ್ಚ್‌ಗೆ. ಐದು ಡಿಗ್ರಿಗಿಂತ ಕೆಳಗಿಳಿದರೆ ಸುಣ್ಣ ಹಿಡಿಯುವುದಿಲ್ಲ, ಚಳಿಗಾಲದಲ್ಲಿ ಗಾರೆ ಮುಟ್ಟುವ ಹಾಗಿಲ್ಲ. ಬಿಚ್ಚಿದ ಎನ್‌ಎಚ್‌ಎಲ್ ಚೀಲ ಅಲ್ಲಿಯ ತನಕ ಗಟ್ಟಿಯಾಗಿ ಹಾಳಾಗುತ್ತದೆ, ಉಳಿದದ್ದನ್ನು ಮೇಸ್ತ್ರಿ ತಮ್ಮ ಕೋಳಿಮನೆಗೆ ಬಳಿಯಲು ಒಯ್ದರು.